ಸಪ್ತಾಪುರದ ಓದುಕೋಣೆಗೆ ಲಿಥಿಯಂ ಬ್ಯಾಟರಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯ ಮೊದಲ ಮಹಡಿಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ನಲವತ್ತು ಆಸನಗಳ ಓದುಕೋಣೆಯೊಂದನ್ನು ನಡೆಸುತ್ತಿದ್ದೇನೆ. ಬೆಳಗಿನ ಐದಕ್ಕೆ ತೆರೆದು ರಾತ್ರಿ ಹನ್ನೊಂದಕ್ಕೆ ಮುಚ್ಚುವ ಈ ಕೋಣೆಯಲ್ಲಿ ಐದು ನಿಮಿಷ ಕತ್ತಲಾದರೆ ಹುಡುಗರು ಎದ್ದು ಚಹಾದಂಗಡಿಗೆ ನಡೆಯುತ್ತಾರೆ. ಅದೇ ನಾಲ್ಕಾರು ಸಲ ಆದರೆ ಮುಂದಿನ ತಿಂಗಳ ಶುಲ್ಕವನ್ನು ಪಕ್ಕದ ಓಣಿಯ ಓದುಕೋಣೆಗೆ ಕಟ್ಟುತ್ತಾರೆ. ಮಾಳಿಗೆಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದ್ದರೂ ಇದು ತಪ್ಪಿರಲಿಲ್ಲ. ಬ್ಯಾಟರಿಯಿಲ್ಲದೆ ಗ್ರಿಡ್‌ಗೆ (ಊರಿನ ವಿದ್ಯುತ್ ಜಾಲಕ್ಕೆ) ಜೋಡಿಸಿದ ಸೋಲಾರ್, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂದು, ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುವಂತೆ ಮಾಡಲಾಗಿರುತ್ತದೆ. ನೆತ್ತಿಯ ಮೇಲೆ ಸುಡುವ ಬಿಸಿಲಿದ್ದಾಗ ಕೆಳಗೆ ಫ್ಯಾನ್ ತಿರುಗದಿರುವುದನ್ನು ಹುಡುಗರಿಗೆ ವಿವರಿಸಿ ಹೇಳುವುದು ಸುಲಭವಲ್ಲ.

ಮೊದಲು ನಮ್ಮಲ್ಲಿ 150 ಎಎಚ್‌ನ ನಾಲ್ಕು ಟ್ಯೂಬುಲರ್ ಎಂಬ ಬಗೆಯ ಸೀಸದ ಬ್ಯಾಟರಿಗಳ ಸಾದಾ ಇನ್ವರ್ಟರ್ ಇತ್ತು. ಕಾಗದದ ಮೇಲೆ ಅವುಗಳ ಶಕ್ತಿ 7.2 ಯೂನಿಟ್, ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಷ್ಯವೇ ಕುಂದುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ ಮೇಲೆ ಬೆಳೆದ ಹಸಿರು ಹುಡಿಯನ್ನು ಬಿಸಿನೀರಿನಿಂದ ತೊಳೆದು ವ್ಯಾಸಲಿನ್ ಸವರುವುದು, ಇವೆಲ್ಲ ಮಾಡಿಯೂ ಮೂರನೆಯ ಬೇಸಿಗೆಗೆ ಅವು ನಲವತ್ತು ನಿಮಿಷಕ್ಕೆ ಬಂದು ನಿಂತವು. ಅವುಗಳನ್ನು ತೆಗೆದು, 51.2 ವೋಲ್ಟ್, 100 ಎಎಚ್‌ನ, ಅಂದರೆ 5.12 ಯೂನಿಟ್ ಶಕ್ತಿಯ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೂ ಸೋಲಾರ್, ಬ್ಯಾಟರಿ, ಗ್ರಿಡ್ ಮೂರನ್ನೂ ಒಟ್ಟಿಗೆ ನಡೆಸುವ ಒಂದು ಹೈಬ್ರಿಡ್ ಇನ್ವರ್ಟರನ್ನೂ ಹಾಕಿಸಿದೆ. ಬ್ಯಾಟರಿಯೊಂದಕ್ಕೇ 1,28,000 ರೂಪಾಯಿ ಬಿತ್ತು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆಯೆಂದು ಕೇಳಿದವರು ಗಮನಿಸಬೇಕು: ಅದು ವಾಸದ ಮನೆಗಳ ಸೋಲಾರ್‌ಗೆ ಮಾತ್ರ, ಬ್ಯಾಟರಿಗೆ ಅದರಲ್ಲಿ ಪ್ರತ್ಯೇಕ ಹಣವಿಲ್ಲ. ನಮ್ಮ ಓದುಕೋಣೆಯ ಮೀಟರು ವಾಣಿಜ್ಯದ್ದಾದುದರಿಂದ ನಮಗೆ ಆ ಸಹಾಯಧನವೂ ಇಲ್ಲ.

ಹೊಸ ಬ್ಯಾಟರಿ ಬಂದ ಒಂಬತ್ತನೆಯ ದಿನ, ಏಪ್ರಿಲ್ ತಿಂಗಳ ಅಡ್ಡಮಳೆಗೆ ಸಂಜೆ ಏಳಕ್ಕೆ ಕರೆಂಟು ಹೋಯಿತು. ಇನ್ವರ್ಟರಿನ ಪರದೆಯಲ್ಲಿ 60 ಪ್ರತಿಶತ ಎಂದಿತ್ತು. ನಾನು ನಿಶ್ಚಿಂತನಾಗಿ ಕೆಳಗೆ ಊಟಕ್ಕೆ ಕುಳಿತೆ. ಎಂಟೂವರೆಗೆ ಮೇಲೆ ಒಮ್ಮೆಲೇ ಕತ್ತಲಾಯಿತು. ಮೆಟ್ಟಿಲ ಬಳಿ ನಿಂತಿದ್ದ ಹುಡುಗನೊಬ್ಬ, "ಸರ, ಅರವತ್ತು ಅಂತ ತೋರಸಾಕತ್ತಿತ್ತಲ್ರೀ, ಹೆಂಗ ಹೋತು?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಫೋನಿನಲ್ಲಿ, ಜೋಡಿಸಿಕೊಟ್ಟವರು, "ಹೊಸಾದದರೀ, ಸೆಟ್ ಆಗಬೇಕು" ಎಂದರು.

ಸೆಟ್ ಆಗಬೇಕಾಗಿದ್ದುದು ಬ್ಯಾಟರಿಯಲ್ಲ. ಸೀಸದ ಬ್ಯಾಟರಿಯಲ್ಲಿ ಚಾರ್ಜು ಇಳಿದಂತೆ ವೋಲ್ಟೇಜೂ ಮೆಟ್ಟಿಲಿಳಿದಂತೆ ಇಳಿಯುತ್ತದೆ, ಆದ್ದರಿಂದ ವೋಲ್ಟೇಜ್ ನೋಡಿಯೇ ಎಷ್ಟು ಉಳಿದಿದೆಯೆಂದು ಅಂದಾಜಿಸಬಹುದು. ನಮ್ಮ ಬ್ಯಾಟರಿಯೊಳಗಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಗಲ್ಲ. ಬಹುಪಾಲು ಹೊತ್ತು 3.2-3.3 ವೋಲ್ಟ್‌ನ ಆಸುಪಾಸಿನಲ್ಲೇ ಸಮತಟ್ಟಾಗಿ ನಡೆದು, ಕೊನೆಗೆ ಬಾವಿಗೆ ಬಿದ್ದಂತೆ ಕುಸಿಯುತ್ತದೆ. ಅದರಲ್ಲಿ ನಿಜವಾಗಿ ಎಷ್ಟು ಉಳಿದಿದೆಯೆಂಬುದು ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಬೋರ್ಡಿಗೆ ಗೊತ್ತು. ಅದು ಇನ್ವರ್ಟರಿಗೆ ಈ ಲೆಕ್ಕ ಹೇಳಬೇಕಾದರೆ ಇಂಟರ್ನೆಟ್ ತಂತಿಯಂತಹ ಒಂದು ಕೇಬಲ್ಲನ್ನು ಎರಡರ ನಡುವೆ ಸಿಕ್ಕಿಸಿ, ಮೆನುವಿನಲ್ಲಿ ಬ್ಯಾಟರಿಯ ಬಗೆಯನ್ನು ಆರಿಸಬೇಕು. ನಮ್ಮಲ್ಲಿ ಕೇಬಲ್ಲು ಡಬ್ಬಿಯಲ್ಲೇ ಉಳಿದಿತ್ತು, ಮೆನುವಿನಲ್ಲಿ ಸೀಸದ ಬ್ಯಾಟರಿಯೆಂದೇ ಇತ್ತು. ಇದನ್ನು ಒಪ್ಪಿಕೊಂಡು ಸರಿಪಡಿಸಲು ಅವರಿಗೆ ಹನ್ನೊಂದು ದಿನ ಹಿಡಿಯಿತು. ಕೆಲಸ ಮಾತ್ರ ಇಪ್ಪತ್ತು ನಿಮಿಷದ್ದು. ಬ್ಯಾಟರಿಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಜೋಡಣೆಗೆ ಎರಡನ್ನು ಕೊಡುವುದೇ ಹೆಚ್ಚು.

ಕೇಬಲ್ಲು ಕುಳಿತ ಮೇಲಿನ ಕಥೆ ಬೇರೆ. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಎಂಬ ಬಗೆಯ ಹನ್ನೆರಡು ಫ್ಯಾನು, ಇಪ್ಪತ್ತು ಎಲ್‌ಇಡಿ ಟ್ಯೂಬು, ವೈಫೈ, ಕ್ಯಾಮೆರಾ ಮತ್ತು ಹುಡುಗರ ಲ್ಯಾಪ್‌ಟಾಪುಗಳು ಸೇರಿ ಸಂಜೆಯ ಹೊತ್ತು ಹೆಚ್ಚುಕಡಿಮೆ 1 ಕಿಲೋವ್ಯಾಟ್ ಎಳೆಯುತ್ತವೆ. ಒಂದು ಭಾನುವಾರ ನಾನೇ ಮೇನ್ ಸ್ವಿಚ್ ಇಳಿಸಿ ಗಡಿಯಾರ ಹಿಡಿದು ಕುಳಿತೆ: ಆರು ಗಂಟೆಗೆ ತುಂಬಿದ್ದ ಬ್ಯಾಟರಿ 15 ಪ್ರತಿಶತಕ್ಕೆ ಇಳಿದಾಗ ಒಂಬತ್ತು ಐವತ್ತಾಗಿತ್ತು. ಹೀಗೆ 5.12ರಲ್ಲಿ ಕೈಗೆ ಸಿಗುವುದು ನಾಲ್ಕು ಯೂನಿಟ್‌ಗೆ ತುಸು ಕಡಿಮೆ. ಉಳಿದುದರಲ್ಲಿ ಒಂದು ಪಾಲು ನಾವೇ ಕಾಯ್ದಿಟ್ಟದ್ದು, ಇನ್ನೊಂದು ಪಾಲು ಇನ್ವರ್ಟರ್ ತಿನ್ನುವುದು. ಕೊಳ್ಳುವವರು ಲೇಬಲ್ಲಿನ ಅಂಕಿಯನ್ನಲ್ಲ, ಅದರ ಮುಕ್ಕಾಲು ಪಾಲನ್ನು ನೆಚ್ಚಿ ಲೆಕ್ಕ ಹಾಕುವುದು ಕ್ಷೇಮ. ಹದಿನಾಲ್ಕು ತಿಂಗಳ ನಂತರ ಮತ್ತೆ ಅದೇ ಪರೀಕ್ಷೆ ಮಾಡಿದಾಗ ಐದು ನಿಮಿಷದ ವ್ಯತ್ಯಾಸವೂ ಕಾಣಲಿಲ್ಲ. ವಾಸನೆಯಿಲ್ಲ, ನೀರು ಹಾಕುವ ಕೆಲಸವಿಲ್ಲ. ಬಿಸಿಲು ಬಡಿಯುವ ಮಾಳಿಗೆಯ ಪತ್ರಾಸಿನ ಕೆಳಗೆ ಇಡಲು ಹೊರಟಿದ್ದವರನ್ನು ತಡೆದು ಮೆಟ್ಟಿಲ ನೆರಳಿನ ಗೋಡೆಗೆ ತೂಗಿಸಿದ್ದು ನಾನು ಮಾಡಿದ ಒಂದು ಒಳ್ಳೆಯ ಕೆಲಸ, ಏಕೆಂದರೆ ಈ ಸೆಲ್‌ಗಳೂ ಕಾವಿಗೆ ಬೇಗ ಮುದಿಯಾಗುತ್ತವೆ.

ಧಾರವಾಡದ ಆಷಾಢ-ಶ್ರಾವಣ ಮಾತ್ರ ಬೇರೆ ಪರೀಕ್ಷೆ. ಬೇಸಿಗೆಯಲ್ಲಿ ದಿನಕ್ಕೆ 13 ಯೂನಿಟ್ ಕೊಡುತ್ತಿದ್ದ ಅದೇ ಪ್ಯಾನೆಲ್‌ಗಳು ಜಿಟಿಜಿಟಿ ಮಳೆಯ ದಿನ 3 ಯೂನಿಟ್‌ಗೆ ಇಳಿದವು. ಇನ್ವರ್ಟರಿನಲ್ಲಿ 'ಮೊದಲು ಸೋಲಾರ್' ಎಂಬ ಆಯ್ಕೆಯನ್ನು ಹಾಗೆಯೇ ಬಿಟ್ಟಿದ್ದರಿಂದ, ಬಿಸಿಲಿಗಾಗಿ ಕಾದು ಕುಳಿತ ಬ್ಯಾಟರಿ ಸಂಜೆಗೆ ಕಾಲು ಭಾಗವೂ ತುಂಬಿರಲಿಲ್ಲ. ಈಗ ಜೂನ್ ಬಂದೊಡನೆ ಗ್ರಿಡ್‌ನಿಂದಲೂ ತುಂಬಿಸಿಕೊಂಡು ಕರೆಂಟು ಹೋದಾಗಿನ ಬಳಕೆಗೆ 80 ಪ್ರತಿಶತ ಕಾಯ್ದಿಡುವಂತೆ ಬದಲಿಸುತ್ತೇನೆ. ಅದೇ ತಿಂಗಳುಗಳಲ್ಲಿ ಗದಗಿನ ಕಡೆ ಹೋದರೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ನನ್ನ ಪ್ಯಾನೆಲ್ ಮಲಗಿದಾಗ ಅವು ಎದ್ದಿರುವುದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಬಿಲ್ಲು ಉಳಿಸಲೆಂದು ಇದನ್ನು ಕೊಳ್ಳಬೇಡಿರೆಂದೇ ಹೇಳುತ್ತೇನೆ. ದಿನಕ್ಕೆ ನಾಲ್ಕು ಯೂನಿಟ್, ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ 11,700 ರೂಪಾಯಿಯಾಗುತ್ತದೆ. ಹಾಕಿದ ಹಣ ಮರಳಲು ಹನ್ನೊಂದು ವರ್ಷ ಬೇಕು, ವಾರಂಟಿಯಿರುವುದು ಹತ್ತು ವರ್ಷಕ್ಕೆ. ಅದೂ ಬ್ಯಾಟರಿ ಹಿಡಿಯುವ ಶಕ್ತಿ ಮೊದಲಿನದರ 70 ಪ್ರತಿಶತಕ್ಕಿಂತ ಕೆಳಗೆ ಇಳಿದರಷ್ಟೇ ದೋಷವೆಂದು ಕಾರ್ಡಿನ ಹಿಂಬದಿಯ ಸಣ್ಣಕ್ಷರ ಹೇಳುತ್ತದೆ. ನೆಟ್ ಮೀಟರಿಂಗ್ (ಹೆಚ್ಚಾದ ಸೋಲಾರ್ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವ ವ್ಯವಸ್ಥೆ) ಇದ್ದು, ಕರೆಂಟು ಅಪರೂಪಕ್ಕೆ ಹೋಗುವ ಮನೆಗೆ ಇದರ ಅಗತ್ಯವಿಲ್ಲ. ಸಂಜೆಯ ನಾಲ್ಕು ತಾಸಿನ ಮೇಲೆ ದುಡಿಮೆ ನಿಂತಿರುವ ಓದುಕೋಣೆ, ದವಾಖಾನೆ, ಖಾನಾವಳಿಗಳ ಮಾತು ಬೇರೆ. ಅಂಥವರು ಕೊನೆಯ ಕಂತಿನ ಹಣ ಕೊಡುವ ಮೊದಲು, ಜೋಡಿಸಿದವರನ್ನು ಎದುರಿಗೆ ಕೂರಿಸಿಕೊಂಡು, ಮೇನ್ ಸ್ವಿಚ್ ಇಳಿಸಿ ಎರಡು ತಾಸು ಪರದೆಯ ಅಂಕಿಯನ್ನು ನೋಡಲಿ. ಡಬ್ಬಿಯಲ್ಲಿ ಯಾವ ಕೇಬಲ್ಲೂ ಉಳಿದಿಲ್ಲವೆಂಬುದನ್ನೂ ನೋಡಲಿ.