ಎಐಪಿ ಡಯಟ್ಟೋ, ಚಾತುರ್ಮಾಸ್ಯವೋ: ಎರಡನ್ನೂ ಉಂಡು ನೋಡಿದ ಮೇಲೆ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಕೀಲುಗಳ ಮೇಲೇ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳು ಸಡಿಲವಾಗಲು ಒಂದೂವರೆ ಗಂಟೆ ಬೇಕಿತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಲೇ ಇದೆ. ಕೆಳಗಿನ ಎರಡೂ ಪ್ರಯೋಗ ಅದರ ಜೊತೆಗೇ ಮಾಡಿದ್ದು, ಅದನ್ನು ಬಿಟ್ಟು ಅಲ್ಲ.

ಮೊದಲು ಮಾಡಿದ್ದು ಎಐಪಿ, ಅಂದರೆ ಆಟೋಇಮ್ಯೂನ್ ಪ್ರೋಟೋಕಾಲ್, ಇಂಥ ಕಾಯಿಲೆಯವರಿಗೆಂದೇ ಇರುವ ಪಥ್ಯ. ಅಕ್ಕಿ, ಗೋಧಿ, ಬೇಳೆ, ಹಾಲು, ಮೊಟ್ಟೆ, ಕಾಫಿ, ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ಕೊನೆಗೆ ಜೀರಿಗೆ ಕೂಡ ಇಲ್ಲ. ಒಂದರಿಂದ ಮೂರು ತಿಂಗಳು ಬಿಟ್ಟು, ಆಮೇಲೆ ಒಂದೊಂದೇ ವಾಪಸ್ ತರಬೇಕು. ಮಾಂಸ, ಮೀನು ತಿನ್ನುವವರಿಗೆ ಹೇಗೋ ಆದೀತು. ನಮ್ಮಂಥ ಸಸ್ಯಾಹಾರಿಗಳ ತಟ್ಟೆಯಲ್ಲಿ ಉಳಿಯುವುದು ಸೊಪ್ಪು, ತರಕಾರಿ, ಗೆಣಸು, ತೆಂಗಿನಕಾಯಿ, ಹಣ್ಣು ಅಷ್ಟೇ.

ಐದನೇ ವಾರಕ್ಕೆ ಬಿಗಿತ ಐವತ್ತು ನಿಮಿಷಕ್ಕೆ ಇಳಿಯಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ತೂಕವೂ ನಾಲ್ಕು ಕೆಜಿ ಇಳಿಯಿತು, ಡಾಕ್ಟರ್ ಚೆನ್ನಾಗಿ ಬೈದರು. ಮನೆಯವರಿಗೆ ಅನ್ನ, ಸಾರು, ನನಗೆ ಬೇರೆ ಪಾತ್ರೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಹೆದರಿಕೆ. ತಿಂಗಳುಗಟ್ಟಲೆ ‘ಇದು ನಿನಗೆ ವಿಷ’ ಅಂತ ಓದಿದ ಮೇಲೆ ಟೊಮೆಟೊ ಬಾಯಿಗಿಡಲು ಧೈರ್ಯ ಎಲ್ಲಿಂದ ಬರಬೇಕು? ವಾಪಸ್ ತರುವ ಹಂತಕ್ಕೆ ನಾನು ಹೋಗಲೇ ಇಲ್ಲ.

ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು. ಅತ್ತೆ ನನ್ನ ಪಟ್ಟಿ ನೋಡಿ, “ಇಷ್ಟೊಂದು ಬಿಡೋ ಬದಲು ನಮ್ಮ ಜೊತೆ ವ್ರತಾನೇ ಮಾಡಬಾರದೇನಮ್ಮಾ?” ಅಂದರು.

ನಮ್ಮ ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯ ಅಂದರೆ ಶಾಕ, ದಧಿ, ಕ್ಷೀರ, ದ್ವಿದಳ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರರಲ್ಲಿ ಹಾಲಿಲ್ಲ, ನಾಲ್ಕರಲ್ಲಿ ಬೇಳೆಕಾಳಿಲ್ಲ. ತಮಾಷೆ ನೋಡಿ, ಎಐಪಿಯಲ್ಲಿ ತರಕಾರಿಯೇ ದೇವರು, ಶಾಕವ್ರತದಲ್ಲಿ ತರಕಾರಿಯೇ ನಿಷಿದ್ಧ! ಆದರೆ ಟೊಮೆಟೊ, ಮೆಣಸಿನಕಾಯಿಗೆ ಎರಡರಲ್ಲೂ ಜಾಗವಿಲ್ಲ. ಹೆಸರುಬೇಳೆ ತೊವ್ವೆ, ಕರಿಮೆಣಸು-ಜೀರಿಗೆ ಸಾರು, ಹುಳಿಗೆ ಮಾವಿನಕಾಯಿ ಪುಡಿ. ಇಡೀ ಮನೆಗೆ ಒಂದೇ ಅಡುಗೆ, ಮೊದಲು ದೇವರಿಗೆ, ಆಮೇಲೆ ನಮಗೆ. ನೈವೇದ್ಯವಾಗಿ ಬಂದ ಅನ್ನವನ್ನು ಅನುಮಾನದಿಂದ ನೋಡಲು ನನ್ನಿಂದಾಗಲಿಲ್ಲ.

ಬಿಗಿತ? ಸುಮಾರು ಒಂದು ಗಂಟೆ. ಎಐಪಿಗಿಂತ ಹತ್ತು ನಿಮಿಷ ಹೆಚ್ಚೇ. ಆದರೆ ತೂಕ ನಿಂತಿತು, ನಿದ್ದೆ ಬಂತು.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಎರಡನೇ ತಿಂಗಳ ಮೊದಲ ದಿನ. ಪಂಚಾಂಗದ ಪ್ರಕಾರ ಶಾಕವ್ರತ ಮುಗಿದಿತ್ತು, ಅತ್ತೆ ಟೊಮೆಟೊ ಸಾರು, ಆಲೂಗಡ್ಡೆ ಪಲ್ಯ ಬಡಿಸಿಬಿಟ್ಟರು. ತಿಂದೆ. ಮರುದಿನ ಬೆರಳು ಹೇಗಿದ್ದವೋ ಹಾಗೇ ಇದ್ದವು, ವಾರ ಕಳೆದರೂ ಅಷ್ಟೇ. ಬಿಡುವುದಕ್ಕೆ ಇದ್ದಂತೆ ಮರಳಿ ತಿನ್ನುವುದಕ್ಕೂ ವ್ರತದಲ್ಲಿ ದಿನ ಗೊತ್ತುಮಾಡಿದೆ, ಅಲ್ವಾ?

ಪರೀಕ್ಷೆಯಾಗಿ ನೋಡಿದರೆ ವ್ರತ ಪಕ್ಕಾ ಅಲ್ಲ. ಹಾಲು ಬಿಟ್ಟ ತಿಂಗಳು ಮೊಸರು ವಾಪಸ್ ಬಂದಿರುತ್ತದೆ. ಹಾಲಿನ ಪದಾರ್ಥ ನನಗೆ ಆಗುತ್ತದೋ ಇಲ್ಲವೋ ಅಂತ ಅದರಿಂದ ತಿಳಿಯಲಿಲ್ಲ. ಎಐಪಿಯಿಂದ ಕಲಿತ ದಿನಚರಿ ಬರೆಯುವ ಅಭ್ಯಾಸ ಇಲ್ಲಿ ಸಹಾಯಕ್ಕೆ ಬಂತು.

ಏಕಾದಶಿಯ ಪೂರ್ತಿ ಉಪವಾಸ ನನಗಲ್ಲ. 1991ರಲ್ಲಿ ನಾರ್ವೆಯ ವೈದ್ಯರು ಈ ಕಾಯಿಲೆಯವರಿಗೆ ವಾರದಷ್ಟು ಉಪವಾಸ, ಆಮೇಲೆ ಒಂದು ವರ್ಷ ಸಸ್ಯಾಹಾರ ಕೊಟ್ಟು ಸುಧಾರಣೆ ಕಂಡಿದ್ದರು. ಅದು ವೈದ್ಯರ ನಿಗಾದಲ್ಲಿ ನಡೆದಿದ್ದು. ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಒಮ್ಮೆ ವಾಂತಿ ಮಾಡಿಕೊಂಡ ಮೇಲೆ ನಾನು ಡಾಕ್ಟರನ್ನು ಕೇಳಿ ಹಾಲು, ಹಣ್ಣು ತೆಗೆದುಕೊಳ್ಳುತ್ತೇನೆ. ಅತ್ತೆಯೂ ಏನೂ ಅನ್ನಲಿಲ್ಲ. ದ್ವಾದಶಿ ಬೆಳಿಗ್ಗೆ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ ಮಾತ್ರ ಮೊದಲು ನನಗೇ ಬಡಿಸುತ್ತಾರೆ.