ಜಂಟಿ ಉತಾರ ಇರುವವರೇ, ಒಬ್ಬರ ಸಾಲ ಎಲ್ಲರ ಬಾಗಿಲಿಗೆ ಬರುತ್ತದೆ

ಹಿರಿಯರು ತೀರಿಕೊಂಡ ಮೇಲೆ ಉತಾರಕ್ಕೆ (ಆಸ್ತಿಯ ದಾಖಲೆಗೆ) ಎಲ್ಲರ ಹೆಸರು ಹಚ್ಚಿಸಿ, ‘ವಾಟ್ನಿ (ಪಾಲು ಹಂಚಿಕೆ) ಆಮೇಲೆ ನೋಡೋಣ’ ಎಂದು ಬಿಟ್ಟ ಮನೆಗಳು ವಿಜಯಪುರದ ಯಾವ ಓಣಿಗೆ ಹೋದರೂ ಸಿಗುತ್ತವೆ. ನಮ್ಮದೂ ಅಂಥದ್ದೇ ಮನೆ.

ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು. ಮೃತ್ಯುಪತ್ರ ಬರೆದಿರಲಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೂ ಮಕ್ಕಳೆಲ್ಲರಿಗೂ ಸಮ ಪಾಲು. ಅವ್ವ, ಅಣ್ಣ, ನಾನು, ತಮ್ಮ, ತಲಾ ಕಾಲು ಭಾಗ. ತಮ್ಮ ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲೇ ಇರುತ್ತಾನೆ. ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಮಳೆ ಹಿಡಿದು, ಡೌನಿ ರೋಗ ಬಂದು ಬೆಳೆ ಹೋಯಿತು. ಬೆಳೆಯ ಔಷಧಿ ಅಂಗಡಿಯ ಉದ್ರಿಗೆ ಪ್ರೊನೋಟು (ಸಾಲದ ಪತ್ರ) ಬರೆದುಕೊಟ್ಟಿದ್ದ. ಅಂಗಡಿಯವರು ದಾವೆ ಹಾಕಿದರು. ಇವನು ಕೋರ್ಟಿನ ಕಡೆ ತಲೆಯೇ ಹಾಕಲಿಲ್ಲ. ಡಿಕ್ರಿ, ಅಂದರೆ ಸಾಲ ತೀರಿಸಬೇಕೆಂಬ ಕೋರ್ಟಿನ ತೀರ್ಪು, ಆಯಿತು.

ದಾವೆ ಅವನೊಬ್ಬನ ಮೇಲಿತ್ತು. ಹಾಗಾಗಿ ನಮಗ್ಯಾರಿಗೂ ನೋಟಿಸ್ ಇಲ್ಲ. ಗೊತ್ತಾಗಿದ್ದು ಕೋರ್ಟಿನ ಬೇಲಿಫ್ ಬಂದು, ಹಲಗಿ ಬಾರಿಸಿ, ಜಪ್ತಿ ಆದೇಶವನ್ನು ಬಾಗಿಲಿಗೆ ಅಂಟಿಸಿದಾಗ. ಈಗಿನ ಕಾಲದಲ್ಲೂ ಡಂಗುರ ಇದೆಯಾ ಅನ್ನಬೇಡಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 54ರಲ್ಲಿ ಇನ್ನೂ ಇದೆ. ಮನೆಯವರ ಹೆಸರಲ್ಲಿ ಕೇಸ್ ಇದೆಯೇ ಎಂದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ಪುಕ್ಕಟೆ ಹುಡುಕಬಹುದು.

‘ಅವನ ಸಾಲಕ್ಕ ನನ್ನ ಮನಿ ಯಾಕ ಲಿಲಾವು ಮಾಡ್ತಾರ?’ ಅಂತ ಅವ್ವ ಕೇಳಿದಳು. ಹಾಗೆ ಲಿಲಾವು, ಅಂದರೆ ಹರಾಜು, ಮಾಡುವಂತಿಲ್ಲ. ಸಾಲ ಕೊಟ್ಟವರಿಗೆ ಸಿಗುವುದು ಸಾಲಗಾರನ ಪಾಲು ಮಾತ್ರ. ಆದರೆ ಆ ಆದೇಶದಲ್ಲಿ ಪಾಲಿನ ಮಾತೇ ಇರಲಿಲ್ಲ, ಇಡೀ ಮನೆಯ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಹಾಕಿದ್ದರು. ಸುಮ್ನೆ ಕೂತಿದ್ದರೆ ಪೂರ್ತಿ ಮನೆಯೇ ಲಿಲಾವಿಗೆ ಹೋಗುತ್ತಿತ್ತು. ಸಂಹಿತೆಯ ಅದೇ ಆದೇಶ 21ರ ನಿಯಮ 58ರಲ್ಲಿ ತಕರಾರು ಅರ್ಜಿ ಹಾಕಿದೆವು. ಕೋರ್ಟು ಜಪ್ತಿಯನ್ನು ತಮ್ಮನ ಕಾಲು ಭಾಗಕ್ಕೆ ಇಳಿಸಿತು. ಮಾರಾಟ ಮುಗಿದ ಮೇಲೆ ಈ ಅರ್ಜಿ ನಡೆಯುವುದಿಲ್ಲ. ಬೇಕೆಂದೇ ತಡ ಮಾಡಿದರೂ ತೆಗೆದುಕೊಳ್ಳುವುದಿಲ್ಲ.

ರೈತನೇ ವಾಸವಿರುವ ಅವನ ಸ್ವಂತ ಮನೆಯನ್ನು ಸಾದಾ ಸಾಲದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ, ಅದೇ ಸಂಹಿತೆಯ ಸೆಕ್ಷನ್ 60ರಲ್ಲಿದೆ. ತಮ್ಮ ಇದ್ದದ್ದು ತೋಟದಲ್ಲಿ, ಅದಕ್ಕೇ ಅದು ನಮಗೆ ದಕ್ಕಲಿಲ್ಲ. ‘ಅವನ ಕಡೆಯಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡುಬಿಡ್ರಿ’ ಎಂದು ನಮ್ಮ ಕಾಕಾ ಒಬ್ಬರು ಸಲಹೆ ಕೊಟ್ಟರು. ಬಾಂಡ್ ರೈಟರ್ ಕೂಡ ತಯಾರಾಗಿದ್ದ! ಜಪ್ತಿಯಾದ ಮೇಲೆ ಬರೆದ ಪತ್ರ ನೋಂದಣಿಯಾದರೂ ಆ ಸಾಲ ಕೊಟ್ಟವರ ಮುಂದೆ ನಿಲ್ಲುವುದಿಲ್ಲ, ಸೆಕ್ಷನ್ 64 ಅಡ್ಡ ಬರುತ್ತದೆ ಎಂದು ವಕೀಲರು ತಡೆದರು.

ಕಾಲು ಪಾಲನ್ನು ಯಾರು ಕೊಳ್ಳುತ್ತಾರೆ ಎಂದು ಎಲ್ಲರೂ ಅಂದರು. ಕೊಳ್ಳುವವರಿದ್ದಾರೆ. ತಂಟೆಯ ಆಸ್ತಿಗೆ ಬೇರೆಯವರು ಹತ್ತಿರ ಬರುವುದಿಲ್ಲ, ಅದನ್ನೇ ಕಾಯ್ದು ಅಗ್ಗಕ್ಕೆ ಹಿಡಿಯುವವರು. ಲಿಲಾವಿನಲ್ಲಿ ಪಾಲುದಾರರೂ ಕೂಗಬಹುದು. ಹೊರಗಿನವನೂ ನಾವೂ ಒಂದೇ ಮೊತ್ತ ಕೂಗಿದರೆ ನಮ್ಮದೇ ಕೂಗು ಎಂದು ಹಿಡಿಯಬೇಕು ಅಂತ ನಿಯಮ 88 ಹೇಳುತ್ತದೆ. ಲಿಲಾವಾದ 60 ದಿನದೊಳಗೆ ಘೋಷಣೆಯಲ್ಲಿರುವ ಸಾಲದ ಮೊತ್ತ, ಜೊತೆಗೆ ಕೊಂಡವನಿಗೆ ಲಿಲಾವಿನ ಬೆಲೆಯ 5% ಕಟ್ಟಿ ಮಾರಾಟ ರದ್ದು ಮಾಡಿಸಲೂಬಹುದು. ಎರಡಕ್ಕೂ ರೊಕ್ಕ ಬೇಕು. ನಮ್ಮಲ್ಲಿ ಆಗ ಇರಲಿಲ್ಲ.

ಲಿಲಾವಿನಲ್ಲಿ ತಮ್ಮನ ಪಾಲು ಕೊಂಡವನು ಬಂದು ಪಡಸಾಲೆ ತನಗೆ ಬಿಡಿ ಎಂದ. ಹಾಗೆ ಬಂದು ಕೂರಲು ಬರುವುದಿಲ್ಲ, ಪಾಲಿಗೆ ದಾವೆ ಹಾಕಬೇಕು. ಹಾಕಿದ. ನಿಜವಾದ ಹೆದರಿಕೆ ಶುರುವಾಗಿದ್ದು ಇಲ್ಲಿ. ಅಷ್ಟು ಸಣ್ಣ ಮನೆಯನ್ನು ನಾಲ್ಕು ತುಂಡು ಮಾಡಲಾಗುವುದಿಲ್ಲ. ಇಂಥ ಕಡೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಕೇಳಿದರೆ, ಇಡೀ ಮನೆ ಮಾರಿ ಹಣ ಹಂಚಲು ಕೋರ್ಟು ಆದೇಶ ಮಾಡಬಹುದು, 1893ರ ವಿಭಜನಾ ಕಾಯ್ದೆಯ ಸೆಕ್ಷನ್ 2ರಲ್ಲಿ. ಅವನ ಹತ್ತಿರ ಕಾಲು ಭಾಗ. ಇನ್ನೊಂದು ಕಾಲು ಸೇರಿದರೆ ಅರ್ಧ! ಅಣ್ಣನ ಹಿಂದೆ ಬಿದ್ದ. ಒಳ್ಳೆ ರೇಟು ಕೊಡುತ್ತೇನೆ ಎಂದು ಮನೆಗೇ ಬಂದ. ವೈನಿಗೆ ಆಸೆ ಇರಲಿಲ್ಲ ಅಂತ ಹೇಳಲಾರೆ. ಅಣ್ಣ ಜಗ್ಗಲಿಲ್ಲ.

ಕೊನೆಗೆ ನಮಗೆ ಉಳಿದಿದ್ದು ಅದೇ ಕಾಯ್ದೆಯ ಸೆಕ್ಷನ್ 4. ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನು ವಿಭಜನೆಗೆ ದಾವೆ ಹಾಕಿದರೆ, ಆ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ಮನೆಯವರು ಕೊಂಡುಕೊಳ್ಳಬಹುದು. ಹೊಲಕ್ಕೆ, ಖಾಲಿ ಜಾಗಕ್ಕೆ ಈ ಅನುಕೂಲ ಇಲ್ಲ. ಕೋರ್ಟು ಕಟ್ಟಿದ್ದು ಲಿಲಾವಿನ ಬೆಲೆಯಲ್ಲ, ಬಾಜಾರ ಬೆಲೆ. ಅವನು ಕೊಟ್ಟಿದ್ದರ ಎರಡು ಪಟ್ಟಿಗೂ ಜಾಸ್ತಿ ಆಯಿತು. ಅವ್ವನ ಬಂಗಾರ ಒತ್ತೆ ಇಟ್ಟು, ಅಣ್ಣ ಸಾಲ ಮಾಡಿ ಕೊಟ್ಟೆವು.

ತೀರ್ಪು ಬಂದರೂ ಸಿಟಿ ಸರ್ವೆ ಉತಾರದಲ್ಲಿ ಆ ಕೊಂಡವನ ಹೆಸರು ಹಾಗೇ ಉಳಿದಿತ್ತು. ಅದು ತಾನಾಗಿ ಹೋಗುವುದಿಲ್ಲ. ಡಿಕ್ರಿಯ ದೃಢೀಕೃತ ನಕಲು ಕೊಟ್ಟು, ಅರ್ಜಿ ಹಾಕಿ, ಹೊಸ ಉತಾರ ಕೈಗೆ ಬಂದ ಮೇಲೆ ಹೆಸರು ಒಂದೊಂದಾಗಿ ಓದಿ ನೋಡಿಕೊಳ್ಳಿ.