ತೋಟದ ಆಫೀಸಿಗೆ ಮೆಶ್ ಕುರ್ಚಿ: ಬೆನ್ನಿಗೆ ಸರಿ, ಭುಜಕ್ಕೆ?

ಮೆಶ್ (ಬಲೆಯಂಥ ಬಟ್ಟೆ) ಬೆನ್ನಿನ ಆಫೀಸ್ ಕುರ್ಚಿ ಕೊಡಗಿನ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ರೆಕ್ಸಿನ್‌ಗೆ ಬೂಷ್ಟು ಹಿಡಿಯುವ ಕಾಟ ಇದರಲ್ಲಿ ಕಡಿಮೆ. ಸೀಟಿನಡಿಯ ಸ್ಪ್ರಿಂಗ್ ಮಾತ್ರ ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಂದೆರಡು ಹನಿ ಎಣ್ಣೆ ಬಿಡಿ.

ಮೊದಲು ಎತ್ತರ ಹೊಂದಿಸಿ: ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸುಮಾರು 90 ಡಿಗ್ರಿಯಲ್ಲಿರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ಎರಡು-ಮೂರು ಬೆರಳಿನಷ್ಟು ಜಾಗ ಬಿಡಿ. ಅಗ್ಗದ ಮಾಡೆಲ್‌ಗಳ ದೊಡ್ಡ ದೋಷ ಕದಲದ ಕೈಯಾಸರೆ. ಅದು ಎತ್ತರವಾದರೆ ಭುಜ ಮೇಲೇರಿಯೇ ಇರುತ್ತದೆ, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಬಿಚ್ಚಿ ಇಟ್ಟರೂ ನಷ್ಟವಿಲ್ಲ.

ಆದರೆ ಭುಜ ಬಿಗಿಯುವುದಕ್ಕೆ ಕೈಯಾಸರೆಯೊಂದೇ ಕಾರಣವಲ್ಲ. ಮನಸ್ಸಿನ ಒತ್ತಡ ಹೆಚ್ಚಿದಾಗಲೂ ಅಲ್ಲಿನ ಸ್ನಾಯು ನಮಗರಿವಿಲ್ಲದೆ ಬಿಗಿಯುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ತೂಕದ ಲೆಕ್ಕ, ನಡುನಡುವೆ ಫೋನು. ತೋಟದ ಲೆಕ್ಕ ಬರೆಯುವ ರೈಟರ್ ಕಂಪ್ಯೂಟರ್ ಪರದೆಯ ಕಡೆ ಬಾಗಿಯೇ ಕೂತಿರುತ್ತಾರೆ, ಬೆನ್ನಾಸರೆ ಬೆನ್ನಿಗೆ ತಾಗುವುದೇ ಇಲ್ಲ. ಕೆಲಸದ ಹೊರೆ ಹೆಚ್ಚು, ಅದರ ಮೇಲೆ ಹಿಡಿತ ಕಡಿಮೆ ಇದ್ದಲ್ಲಿ ಒತ್ತಡ ಜಾಸ್ತಿ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು. ಹಾಗಾಗಿ ಸಾಹುಕಾರರು (ತೋಟದ ಮಾಲೀಕರು) ಕುರ್ಚಿಯನ್ನು ತಮ್ಮ ಅಳತೆಗೆ ಹೊಂದಿಸಿ ಕೊಡುವುದು ಬೇಡ. ಲಿವರ್ ತೋರಿಸಿ, ಕೂರುವವರೇ ಹೊಂದಿಸಿಕೊಳ್ಳಲಿ. ಲೆಕ್ಕ ಬರೆಯಲು ಯಾರೂ ಒಳಬಾರದ ಒಂದು ಗಂಟೆಯನ್ನೂ ಕೊಡಿ.

ಹಳೇ ಮನೆಗಳ ನುಣುಪಾದ ರೆಡ್ ಆಕ್ಸೈಡ್ ನೆಲದಲ್ಲಿ ಗಟ್ಟಿ ನೈಲಾನ್ ಚಕ್ರ ಜಾರುತ್ತದೆ. ಕೊಳ್ಳುವಾಗಲೇ ಮೆತ್ತನೆಯ ರಬ್ಬರ್ ಚಕ್ರ ಹಾಕಿಸಿಕೊಳ್ಳಿ.